ಮರಳಲ್ಲಿ ಉಳಿದ ಬೇರು

ಮೂಡಿಗೆರೆ ಕಡೆ ಜುಲೈನಲ್ಲಿ ಕಾಳುಮೆಣಸಿನ ಎಲೆ ಕಪ್ಪಾಗಿ ಉದುರಲು ಶುರುವಾದರೆ ಬೆಳೆಗಾರರಿಗೆ ಊಟ ಸೇರುವುದಿಲ್ಲ. ಹತ್ತು ವರ್ಷ ಸಾಕಿದ ಬಳ್ಳಿ ಎರಡು ಮೂರು ವಾರದಲ್ಲಿ ಒಣಗಿ ನಿಲ್ಲುತ್ತದೆ. ಸೊರಗು ರೋಗ. ಕಳೆದ ಮಳೆಗಾಲದಲ್ಲಿ ನಮ್ಮ ತೋಟದ ತಗ್ಗಿನಲ್ಲಿದ್ದ ಬಳ್ಳಿಗಳೆಲ್ಲ ಹೀಗೇ ಹೋದವು. ಆ ಸಂಕಟ ತಲೆಯಲ್ಲಿರುವಾಗಲೇ ಸೆಪ್ಟೆಂಬರಿನಲ್ಲಿ ಮಗಳನ್ನು ನೋಡಲು ಪೋರ್ಚುಗಲ್‌ನ ಲಿಸ್ಬನ್‌ಗೆ ಹೋದೆ. "ಅಪ್ಪಾ, ನಿಮಗೆ ಒಂದು ಬಳ್ಳಿ ತೋರಿಸಬೇಕು" ಎಂದು ಅವಳು ಕರೆದುಕೊಂಡು ಹೋದ ಊರು ಕೊಲಾರಿಶ್.

ಹೆಸರು ಕೇಳಿದರೆ ನಮ್ಮ ಕೋಲಾರ ನೆನಪಾಗುತ್ತದೆ, ಅಲ್ವಾ? ಇದು ಅಟ್ಲಾಂಟಿಕ್ ದಂಡೆಯ ಹಳ್ಳಿ. ಸಿಂತ್ರಾದಿಂದ ಸಮುದ್ರದ ಕಡೆಗೆ 1904ರಲ್ಲಿ ಶುರುವಾದ ಹಳೇ ಟ್ರಾಮ್ ಇದರ ಮೇಲೇ ಹೋಗುತ್ತದೆ. ವೈನ್ ಮಾಡುವ ಊರು ಅಂದರೆ ಗುಡ್ಡದ ಮೇಲೆ ಸಾಲಾಗಿ ತಂತಿಗೆ ಕಟ್ಟಿದ ದ್ರಾಕ್ಷಿ ಇರುತ್ತದೆ ಎಂದುಕೊಂಡಿದ್ದೆ. ಇಲ್ಲಿ ಬಳ್ಳಿಗಳು ಬರೀ ಮರಳಿನ ಮೇಲೆ ಮಲಗಿದ್ದವು. ಸೊಂಟದೆತ್ತರ ಕೂಡ ಇಲ್ಲ. ಸುತ್ತ ಬೇಲಿಯಂತೆ ನಿಲ್ಲಿಸಿದ ಒಣ ಬಿದಿರಿನಂಥ ಜೊಂಡು. ಉಪ್ಪು ಗಾಳಿ ಅಷ್ಟು ಜೋರು. ಕೆಲವು ಕಡೆ ಗೊನೆಗಳ ಕೆಳಗೆ ಗೇಣುದ್ದದ ಕೋಲು ಊರಿ ಕೊಂಬೆಯನ್ನು ಸ್ವಲ್ಪ ಎತ್ತಿದ್ದರು. ಇಲ್ಲದಿದ್ದರೆ ಬಿಸಿಲಿಗೆ ಕಾದ ಮರಳು ಹಣ್ಣನ್ನು ಸುಡುತ್ತದೆ.

ನಾನು ಕೂತು ಮರಳನ್ನು ಬೊಗಸೆಯಲ್ಲಿ ಎತ್ತಿದೆ. ಬೆರಳ ಸಂದಿನಿಂದ ಪೂರ್ತಿ ಸೋರಿಹೋಯಿತು. ಉಂಡೆ ಕಟ್ಟುವುದಿಲ್ಲ, ಬಿರುಕೂ ಬಿಡುವುದಿಲ್ಲ. ಈ ಊರಿನ ಕಥೆಯೆಲ್ಲ ಇದರಲ್ಲೇ ಇದೆ.

19ನೇ ಶತಮಾನದಲ್ಲಿ ಅಮೆರಿಕದಿಂದ ಗಿಡಗಳ ಜೊತೆ ಫಿಲಾಕ್ಸೆರಾ ಎಂಬ ಹುಳ ಯುರೋಪಿಗೆ ಬಂತು. ನಮ್ಮ ಸಸ್ಯಹೇನಿನ ನೆಂಟ, ಒಂದು ಮಿಲಿಮೀಟರ್ ಅಷ್ಟೇ. ಎಲ್ಲೆಲ್ಲೂ ದ್ರಾಕ್ಷಿ ಸಾಯುತ್ತಿತ್ತು, ಕಾರಣ ಮಾತ್ರ ತಿಳಿಯುತ್ತಿರಲಿಲ್ಲ. ಸತ್ತ ಬಳ್ಳಿ ಅಗೆದರೆ ಬೇರಲ್ಲಿ ಏನೂ ಇಲ್ಲ. 1868ರಲ್ಲಿ ಪ್ಲಾನ್‌ಶೋನ್ ಎಂಬ ಫ್ರೆಂಚ್ ಸಸ್ಯವಿಜ್ಞಾನಿ ಮತ್ತು ಅವರ ಜೊತೆಗಾರರು ಸತ್ತ ಬಳ್ಳಿಯನ್ನು ಬಿಟ್ಟು ಪಕ್ಕದಲ್ಲಿ ಇನ್ನೂ ಚೆನ್ನಾಗಿ ಕಾಣುತ್ತಿದ್ದ ಬಳ್ಳಿಯ ಬೇರು ತೆಗೆದು ಭೂತಗನ್ನಡಿ ಹಿಡಿದರು. ಹಳದಿ ಹುಳಗಳು ಗುಂಪುಗುಂಪಾಗಿ ರಸ ಹೀರುತ್ತಿದ್ದವು. ಬೇರು ಸತ್ತ ಮೇಲೆ ಅವಕ್ಕೆ ಅಲ್ಲಿ ಏನು ಕೆಲಸ? ಆಗಲೇ ಮುಂದಿನ ಬಳ್ಳಿಗೆ ಹೋಗಿರುತ್ತಿದ್ದವು. ಎಷ್ಟು ಸರಳ, ಆದರೆ ಎಷ್ಟು ಒಳ್ಳೆಯ ಯೋಚನೆ! ರೋಗ ಹುಡುಕಬೇಕಾದರೆ ಹಸಿರು ಗಿಡದ ಬುಡವನ್ನೇ ನೋಡಬೇಕು ಎನ್ನುವುದು ನನಗೆ ಅಲ್ಲಿ ಹೊಳೆಯಿತು.

ಈ ಹುಳ ಮಣ್ಣು ತೋಡುವುದಿಲ್ಲ. ಇರುವ ಸಂದಿನಲ್ಲಿ ನಡೆದು ಹೋಗುತ್ತದೆ. ಅಜ್ಜಂಪುರದ ಕಡೆ ಎರೆ ಹೊಲ ಬೇಸಿಗೆಯಲ್ಲಿ ಬಾಯಿ ಬಿಡುವುದನ್ನು ನೋಡಿದ್ದೀರಲ್ಲ, ಅಂಥ ಜೇಡಿ ಮಣ್ಣಿನ ಬಿರುಕು ಅದಕ್ಕೆ ಹೆದ್ದಾರಿ. ಮರಳಲ್ಲಿ ಹಾಗಲ್ಲ. ಒಂದು ಸಂದು ಕಂಡರೆ ಮರುಕ್ಷಣ ಕಣಗಳು ಜಾರಿ ಮುಚ್ಚುತ್ತವೆ. ಕೊಲಾರಿಶ್‌ನಲ್ಲಿ ಮೇಲೆ ಹಲವು ಅಡಿ ಮರಳು, ಕೆಳಗೆ ಜೇಡಿ. ಹಿಂದಿನವರು ಮರಳನ್ನು ತೋಡಿ ಜೇಡಿ ಸಿಗುವ ತನಕ ಇಳಿದು ಬಳ್ಳಿ ನೆಡುತ್ತಿದ್ದರು. ಬದಿ ಕುಸಿದರೆ ಉಸಿರಾಡಲು ಜಾಗ ಇರಲಿ ಎಂದು ತಲೆಗೆ ಬುಟ್ಟಿ ಕವುಚಿಕೊಂಡು ಇಳಿಯುತ್ತಿದ್ದರಂತೆ. ಬೇರಿಗೆ ಕೆಳಗೆ ತೇವ ಸಿಕ್ಕಿತು. ಹುಳಕ್ಕೆ ಮೇಲಿನಿಂದ ದಾರಿ ಸಿಗಲಿಲ್ಲ.

ಉಳಿದ ಯುರೋಪು ಕಸಿಯ ಮೊರೆ ಹೋಯಿತು. ಅಮೆರಿಕದ ಕಾಡು ದ್ರಾಕ್ಷಿಗೆ ಈ ಹುಳದ ಅಭ್ಯಾಸವಿದೆ. ಹುಳ ಕಚ್ಚಿದ ಗಾಯದ ಹಿಂದೆ ಅದರ ಬೇರು ಬೆಂಡಿನಂಥ ಪದರ ಕಟ್ಟಿಕೊಳ್ಳುತ್ತದೆ, ಕೊಳೆ ಒಳಗೆ ಇಳಿಯುವುದಿಲ್ಲ. ಆ ಬೇರಿನ ಮೇಲೆ ಯುರೋಪಿನ ಬಳ್ಳಿ ಕೂರಿಸಿದರು. ಇವತ್ತು ಲೋಕದ ಹೆಚ್ಚಿನ ವೈನ್ ದ್ರಾಕ್ಷಿ ಹೀಗೆ ಎರವಲು ಬೇರಿನ ಮೇಲೆ ನಿಂತಿದೆ. ಕೊಲಾರಿಶ್‌ನ ಮರಳಿನಲ್ಲಿ ಬೆಳೆಯುವ ರಾಮಿಸ್ಕೊ ಎಂಬ ದ್ರಾಕ್ಷಿ ತಳಿಯಾದರೋ ಇಂದಿಗೂ ತನ್ನದೇ ಬೇರಿನ ಮೇಲಿದೆ. ಹೊಸ ಬಳ್ಳಿ ಬೇಕಾದರೆ ಕೊಂಬೆಯನ್ನು ಬಗ್ಗಿಸಿ ಮರಳಲ್ಲಿ ಹೂಳುತ್ತಾರೆ. ನಾವು ಮೆಣಸಿನ ಹಂಬನ್ನು ಮಣ್ಣಿಗೆ ತಾಗಿಸಿ ಬೇರು ಬರಿಸುವ ಹಾಗೇ.

ಆ ವೈನನ್ನು ಒಂದು ಗುಟುಕು ಕುಡಿದೆ. ಹಸಿ ಅಡಿಕೆ ಜಗಿದ ಹಾಗೆ ನಾಲಿಗೆ ಒಣಗಿತು. ಒಗರು. ರಾಮಿಸ್ಕೊ ಹಣ್ಣು ಸಣ್ಣದು, ಸಿಪ್ಪೆ ದಪ್ಪ, ಅದರಲ್ಲಿ ಒಗರು ಕೊಡುವ ಟ್ಯಾನಿನ್ ಜಾಸ್ತಿ. ಟ್ಯಾನಿನ್ ನಮ್ಮ ಎಂಜಲಿನ ಪ್ರೋಟೀನನ್ನು ಹಿಡಿದು ಗಂಟು ಕಟ್ಟಿಸುತ್ತದೆ. ಜಾರುವ ಗುಣ ಹೋಗುತ್ತದೆ, ಬಾಯಿ ಒರಟಾಗುತ್ತದೆ. ವರ್ಷಗಳು ಕಳೆದಂತೆ ಒಗರು ಮೆತ್ತಗಾಗುತ್ತದೆ. ಅದಕ್ಕೇ ಈ ವೈನನ್ನು ವರ್ಷಗಟ್ಟಲೆ ಮಾಗಲು ಬಿಡುತ್ತಾರೆ.

ಇಷ್ಟಾದರೂ ಆ ತೋಟಗಳಲ್ಲಿ ಹೆಚ್ಚಿನವು ಕರಗಿಹೋಗಿವೆ. 1908ರಲ್ಲಿ ಗಡಿ ಗುರುತಿಸಿ ಕಾಪಾಡಿದ ಪ್ರದೇಶ, 1931ರಿಂದ ಬೆಳೆಗಾರರ ಸಹಕಾರಿ ಸಂಘವೂ ಇದೆ. ಹುಳ ಮುಟ್ಟದ ಬಳ್ಳಿಯನ್ನು ಸಮುದ್ರ ಕಾಣುವ ಮನೆಗಳ ಆಸೆ ಕಿತ್ತಿದೆ. ನೋಡಿ ತುಂಬಾ ಬೇಜಾರಾಯಿತು.

ಅಲ್ಲಿಂದ ಸಮುದ್ರ ನೋಡುತ್ತ ನಿಂತಾಗ ಇನ್ನೊಂದು ಬಳ್ಳಿ ನೆನಪಾಯಿತು. 1497ರಲ್ಲಿ ಲಿಸ್ಬನ್ ಬಿಟ್ಟು ಮರುವರ್ಷ ಕೋಳಿಕ್ಕೋಡ್ ಮುಟ್ಟಿದವರು ಹುಡುಕಿಕೊಂಡು ಬಂದದ್ದು ನಮ್ಮ ಮೆಣಸನ್ನೇ ಅಲ್ವಾ? ಸೊರಗು ರೋಗ ತಂದು ಅದನ್ನು ಕೊಲ್ಲುವ ಫೈಟಾಫ್ಥೊರಾ ಎಂಬ ಶಿಲೀಂಧ್ರದಂಥ ಸೂಕ್ಷ್ಮಜೀವಿಗೂ ಮಣ್ಣೇ ದಾರಿ. ಆದರೆ ಅದು ನಡೆಯುವುದಿಲ್ಲ, ಈಜುತ್ತದೆ. ಬಾಲವಿರುವ ಅದರ ಬೀಜಕಣಗಳು ಮಣ್ಣಿನ ಸಂದಿನಲ್ಲಿ ನಿಂತ ನೀರಲ್ಲಿ ಬೇರಿನ ವಾಸನೆ ಹಿಡಿದು ಹೋಗುತ್ತವೆ. ಹುಳದ ದಾರಿಯನ್ನು ಮರಳು ಮುಚ್ಚಿತು. ಇದರ ದಾರಿ ಮುಚ್ಚಬೇಕಾದರೆ ನಾವು ನೀರು ಬಸಿಯಬೇಕು. ಔಷಧಿಗೆ ದುಡ್ಡು ಸುರಿದ ನಾನು ತಗ್ಗಿನ ಬಸಿಗಾಲುವೆಯಲ್ಲಿ ಹೂಳು ತುಂಬಿದ್ದನ್ನು ನೋಡಿಯೂ ಬಿಟ್ಟಿದ್ದೆ.

ಈ ವರ್ಷ ಮೇ ತಿಂಗಳಲ್ಲೇ ಕಾಲುವೆ ಎತ್ತಿಸಿದೆ. ಎಷ್ಟು ಬಸಿದರೂ ತೇವ ನಿಲ್ಲುವ ಹಳ್ಳದ ಬದಿಗೆ ಹಿಪ್ಪಲಿಯ ಬೇರಿನ ಮೇಲೆ ಮೆಣಸು ಕಸಿ ಕಟ್ಟಿದ ಗಿಡ ತಂದು ನೆಟ್ಟಿದ್ದೇವೆ. ದಕ್ಷಿಣ ಅಮೆರಿಕದ ಹಿಪ್ಪಲಿಯ ಬೇರಿಗೆ ಸೊರಗು ರೋಗ ತಗಲುವುದಿಲ್ಲ, ಜೌಗಿನಲ್ಲೂ ಬದುಕುತ್ತದೆ. ಬೇಸಿಗೆಯಲ್ಲಿ ಮಾತ್ರ ನೀರು ಕೇಳುತ್ತದೆ. ಮೊನ್ನೆ ಮಳೆ ಬಿಟ್ಟಾಗ ಒಂದು ಗಿಡದ ಬುಡದಲ್ಲಿ ಕೂತು ನೋಡಿದೆ. ಕೆಳಗೆ ದಪ್ಪ ಗಂಟಿನ ಹಿಪ್ಪಲಿ, ಮೇಲೆ ತೆಳ್ಳಗಿನ ಪಣಿಯೂರು ತಳಿಯ ಮೆಣಸಿನ ಬಳ್ಳಿ. ಕಸಿಯ ಜಾಗದಲ್ಲಿ ಸಣ್ಣ ಉಬ್ಬು. ಅದರ ಮೇಲಿನ ಗೆಣ್ಣಿನಿಂದ ಒಂದು ಬಿಳಿ ಬೇರು ಆಗಲೇ ಸಿಲ್ವರ್ ಮರದ ತೊಗಟೆಗೆ ಅಂಟಿಕೊಂಡಿತ್ತು.