ಕಂಬದಿಂದ ಮನೆಯವರೆಗಿನ ಇಂಟರ್‌ನೆಟ್

ಸಂವಿಧಾನದ ಏಳನೆಯ ಅನುಸೂಚಿಯ ಪ್ರಕಾರ ಅಂಚೆ, ತಂತಿ, ದೂರವಾಣಿ ಮತ್ತು ಅವುಗಳಂಥ ಸಂಪರ್ಕ ಸಾಧನಗಳು ಕೇಂದ್ರ ಪಟ್ಟಿಗೆ ಸೇರಿವೆ. ಇಂಟರ್‌ನೆಟ್ ಕಂಪನಿಗಳಿಗೆ ಪರವಾನಗಿ ಕೊಡುವುದು, ಸ್ಪೆಕ್ಟ್ರಂ ಹರಾಜು ಹಾಕುವುದು, ಸೇವೆಯ ಗುಣಮಟ್ಟಕ್ಕೆ ನಿಯಮ ಮಾಡುವುದು ಎಲ್ಲವೂ ದೆಹಲಿಯಲ್ಲಿ ನಡೆಯುವ ಕೆಲಸ. ಹೀಗಿರುವಾಗ ಬೆಂಗಳೂರಿನ ನಗರ ಪಾಲಿಕೆಯೊಂದು ತನ್ನ ನಿವಾಸಿಗಳ ಇಂಟರ್‌ನೆಟ್ ಬಗ್ಗೆ ಸಲಹಾ ಸಮಿತಿ ರಚಿಸಿಕೊಂಡರೆ, ಆ ಸಮಿತಿಗೆ ಮಾಡಲು ಏನು ಉಳಿದಿದೆ ಎಂದು ಯಾರಾದರೂ ಕೇಳಬಹುದು. ಉತ್ತರ ಬೇಕಾದವರು ನಗರದ ಯಾವುದೇ ಹಳೆಯ ಬಡಾವಣೆಯ ಅಡ್ಡರಸ್ತೆಯಲ್ಲಿ ನಿಂತು ತಲೆ ಎತ್ತಿ ನೋಡಿದರೆ ಸಾಕು. ವಿದ್ಯುತ್ ಕಂಬದಿಂದ ಮರಕ್ಕೆ, ಮರದಿಂದ ಮಹಡಿಯ ಸರಳಿಗೆ ಜೋತುಬಿದ್ದ ಕಪ್ಪು ಕೇಬಲ್‌ಗಳ ಮೇಲೆ ಪಾಲಿಕೆಗೆ ಅಧಿಕಾರವಿಲ್ಲದಿರಬಹುದು, ಆದರೆ ಅವು ಹಾದುಹೋಗುವ ರಸ್ತೆ, ಪಾದಚಾರಿ ಮಾರ್ಗ, ಮರ ಮತ್ತು ಕಟ್ಟಡದ ನಕ್ಷೆ ಪಾಲಿಕೆಯವೇ.

ಆ ಕಪ್ಪು ಹೊದಿಕೆಯೊಳಗೆ ಇರುವುದು ಗಾಜಿನ ಎಳೆ, ಅಂದರೆ ಫೈಬರ್. ಅದರ ದಪ್ಪ 125 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಎಂಟನೆಯ ಒಂದು ಭಾಗ. ಬೆಳಕು ಹರಿಯುವ ತಿರುಳಂತೂ ಸುಮಾರು 9 ಮೈಕ್ರಾನ್ ಮಾತ್ರ. ತಿರುಳಿನ ವಕ್ರೀಭವನಾಂಕ (ಬೆಳಕನ್ನು ಬಾಗಿಸುವ ಗುಣದ ಅಳತೆ) ಸುತ್ತಲಿನ ಗಾಜಿಗಿಂತ ತುಸು ಹೆಚ್ಚಾಗಿರುವುದರಿಂದ ಬೆಳಕು ಹೊರಗೆ ಸೋರದೆ ಒಳಗೇ ಸೆರೆಯಾಗಿ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. ಈ ಗಾಜಿನ ಶುದ್ಧತೆ ಎಷ್ಟೆಂದರೆ, 1550 ನ್ಯಾನೊಮೀಟರ್ ತರಂಗಾಂತರದ ಬೆಳಕು ಒಂದು ಕಿಲೋಮೀಟರ್ ಸಾಗುವಾಗ ಕಳೆದುಕೊಳ್ಳುವುದು ಶೇ 5ಕ್ಕಿಂತ ಕಡಿಮೆ. ಅದು ಅರ್ಧಕ್ಕೆ ಇಳಿಯಬೇಕಾದರೆ ಸುಮಾರು 15 ಕಿಲೋಮೀಟರ್ ಹೋಗಬೇಕು. ಯಲಹಂಕದಿಂದ ಮೆಜೆಸ್ಟಿಕ್‌ವರೆಗೆ ಬಂದ ಬೆಳಕೂ ಸುಮಾರು ಅರ್ಧದಷ್ಟು ಉಳಿದಿರುತ್ತದೆ. ಆದ್ದರಿಂದ ಒಂದು ನಗರದೊಳಗೆ ದೂರವೆಂಬುದು ಅಷ್ಟೇನೂ ದೊಡ್ಡ ತೊಡಕಲ್ಲ.

ತೊಡಕು ಇರುವುದು ಹಂಚಿಕೆಯಲ್ಲಿ, ಕೀಲುಗಳಲ್ಲಿ ಮತ್ತು ತಿರುವುಗಳಲ್ಲಿ. ಮನೆಗಳಿಗೆ ಫೈಬರ್ ಕೊಡುವ ಬಹುತೇಕ ಜಾಲಗಳಲ್ಲಿ ಕಂಪನಿಯ ಕೇಂದ್ರದಿಂದ ಹೊರಟ ಒಂದೇ ಎಳೆಯನ್ನು ಬಡಾವಣೆಯ ಹತ್ತಿರ ಸ್ಪ್ಲಿಟರ್ ಎಂಬ ಪುಟ್ಟ ಸಾಧನದಿಂದ ಸಾಮಾನ್ಯವಾಗಿ 32 ಅಥವಾ 64 ಕವಲು ಮಾಡುತ್ತಾರೆ. ಈ ಸ್ಪ್ಲಿಟರಿಗೆ ವಿದ್ಯುತ್ ಬೇಡ, ಕರೆಂಟು ಹೋದರೂ ಅದು ಕೆಲಸ ಮಾಡುತ್ತದೆ. ಅದೇ ಕಾರಣಕ್ಕೆ ಅದು ಬೆಳಕನ್ನು ಹೆಚ್ಚಿಸಲಾರದು, ಇದ್ದದ್ದನ್ನು ಪಾಲು ಮಾಡಬಲ್ಲದು ಅಷ್ಟೆ. 32 ಕವಲುಗಳಲ್ಲಿ ಪ್ರತಿಯೊಂದಕ್ಕೂ ಸಿಗುವುದು ಮೂಲ ಬೆಳಕಿನ ಮೂವತ್ತೆರಡನೆಯ ಒಂದು ಪಾಲಿಗಿಂತಲೂ ತುಸು ಕಡಿಮೆ. ಇಷ್ಟು ಕ್ಷೀಣವಾದ ಬೆಳಕನ್ನೂ ಮನೆಯಲ್ಲಿ ಫೈಬರ್ ಬಂದು ಸೇರುವ ಪೆಟ್ಟಿಗೆ ಓದಬಲ್ಲದು, ಆದರೆ ಆಮೇಲೆ ತಪ್ಪಿಗೆ ಹೆಚ್ಚು ಅವಕಾಶವಿರುವುದಿಲ್ಲ. ಸಾಮಾನ್ಯ ಎಳೆಯನ್ನು ಕಂಬಕ್ಕೆ ಬಿಗಿಯಾಗಿ ಸುತ್ತಿ ಒಂದು ಸೆಂಟಿಮೀಟರ್ ತ್ರಿಜ್ಯದಷ್ಟು ಬಾಗಿಸಿದರೆ ಆ ತಿರುವಿನಲ್ಲೇ ಬೆಳಕು ಸೋರುತ್ತದೆ; ಬೀದಿಯ ಧೂಳಿನಲ್ಲಿ ಅವಸರದಿಂದ ಜೋಡಿಸಿದ ಪ್ರತಿ ಕೀಲೂ ಇನ್ನಷ್ಟನ್ನು ನುಂಗುತ್ತದೆ. ಏಪ್ರಿಲ್–ಮೇ ತಿಂಗಳ ಗಾಳಿಮಳೆಗೆ ಕೊಂಬೆ ಮುರಿದು ಬಿದ್ದ ಸಂಜೆ ಮನೆಮನೆಯ ಪೆಟ್ಟಿಗೆಯಲ್ಲಿ ಕೆಂಪು ದೀಪ ಉರಿಯುವುದು ಇದರ ಕೊನೆಯ ಹಂತ. ಅದಕ್ಕೂ ಮೊದಲು ತಿಂಗಳುಗಟ್ಟಲೆ ‘ಆಗಾಗ ಕಟ್ ಆಗುತ್ತದೆ’ ಎಂಬ ದೂರಿನ ಹಿಂದೆಯೂ ಅನೇಕ ವೇಳೆ ಇಂಥದೇ ತಿರುವೊಂದು ಇರುತ್ತದೆ.

ಬೆಳಕಿನಂತೆ ಸಾಮರ್ಥ್ಯವೂ ಪಾಲಾಗುತ್ತದೆ. ವ್ಯಾಪಕವಾಗಿ ಬಳಕೆಯಲ್ಲಿರುವ ಜಿಪಾನ್ ಎಂಬ ಮಾನದಂಡದಲ್ಲಿ ಕೇಂದ್ರದಿಂದ ಮನೆಗಳ ಕಡೆಗೆ ಒಟ್ಟು ಸುಮಾರು 2,488 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್), ಮನೆಗಳಿಂದ ಕೇಂದ್ರಕ್ಕೆ ಅದರ ಅರ್ಧ. 32 ಮನೆಗಳೂ ಒಂದೇ ಕ್ಷಣದಲ್ಲಿ ಪೂರ್ತಿ ಬಳಸಿದರೆ ತಲಾ 78 ಎಂಬಿಪಿಎಸ್ ಆಗುತ್ತದೆ. ಹಾಗೆ ಎಲ್ಲರೂ ಒಟ್ಟಿಗೆ ಬಳಸುವುದು ಅಪರೂಪವಾದ್ದರಿಂದಲೇ ಕಂಪನಿಗಳು ಪ್ರತಿ ಮನೆಗೂ ಅದಕ್ಕಿಂತ ಹೆಚ್ಚಿನ ವೇಗದ ಪ್ಲಾನ್ ಮಾರಬಲ್ಲವು. ಇದರಲ್ಲಿ ಮೋಸವಿಲ್ಲ. ಆದರೆ ಎಷ್ಟು ಮನೆಗಳ ನಡುವೆ ಪಾಲು ಎಂಬುದನ್ನು ಗ್ರಾಹಕನಿಗೆ ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ.

ಸಲಹಾ ಸಮಿತಿಯ ಮೊದಲ ಕೆಲಸ ಅಳತೆ ಎಂದು ನಾನು ನಂಬುತ್ತೇನೆ, ಮತ್ತು ಅಳತೆ ಕಾಣುವಷ್ಟು ಸುಲಭವಲ್ಲ. ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಬೇಕಾದ ಕನಿಷ್ಠ ವೇಗ ಭಾರತದಲ್ಲಿ 2004ರ ನೀತಿಯಲ್ಲಿ 256 ಕೆಬಿಪಿಎಸ್ (ಸಾವಿರ ಕೆಬಿಪಿಎಸ್ ಸೇರಿದರೆ ಒಂದು ಎಂಬಿಪಿಎಸ್) ಇತ್ತು, ಅನಂತರ 512 ಆಯಿತು, 2023ರಲ್ಲಿ 2 ಎಂಬಿಪಿಎಸ್‌ಗೆ ಏರಿತು. ಬೆಂಗಳೂರಿನ ಫೈಬರ್ ಸಂಪರ್ಕಗಳೆಲ್ಲ ಈ ಗೆರೆಯನ್ನು ಸುಲಭವಾಗಿ ದಾಟುತ್ತವೆ, ಆದರೂ ದೂರುಗಳು ನಿಂತಿಲ್ಲ. ಮೊಬೈಲಿನ ಸ್ಪೀಡ್ ಟೆಸ್ಟ್ ಸಾಮಾನ್ಯವಾಗಿ ಹತ್ತಿರದ ಸರ್ವರ್ ಆರಿಸಿಕೊಂಡು ಕೆಲವು ಸೆಕೆಂಡು ಮಾತ್ರ ಅಳೆಯುತ್ತದೆ. ವಿಡಿಯೊ ಕರೆಯಲ್ಲಿ ಮಾತು ತುಂಡಾಗುವುದಕ್ಕೆ ಕಾರಣ ಹೆಚ್ಚಾಗಿ ವೇಗದ ಕೊರತೆಯಲ್ಲ, ವಿಳಂಬ. ಮನೆಯಲ್ಲಿ ಒಬ್ಬರು ದೊಡ್ಡ ಕಡತವೊಂದನ್ನು ಕಳಿಸುತ್ತಿರುವಾಗ ರೂಟರ್ ಅದರ ತುಣುಕುಗಳನ್ನೆಲ್ಲ ತನ್ನ ಸ್ಮೃತಿಯಲ್ಲಿ ಸಾಲಾಗಿ ನಿಲ್ಲಿಸಿಕೊಳ್ಳುತ್ತದೆ. ಆಗ ಇನ್ನೊಬ್ಬರ ಕರೆಯ ಸಣ್ಣ ತುಣುಕಿನ ಪಾಡು, ಬ್ಯಾಂಕಿನ ಕೌಂಟರಿನಲ್ಲಿ ಚಿಲ್ಲರೆ ಮೂಟೆ ತಂದ ಅಂಗಡಿಯವರ ಹಿಂದೆ ಒಂದೇ ಒಂದು ಸಹಿಗಾಗಿ ನಿಂತವರ ಪಾಡು. ಬಫರ್‌ಬ್ಲೋಟ್ ಎಂದು ಕರೆಯುವ ಈ ದೋಷಕ್ಕೆ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ 2012ರಲ್ಲಿ ಕೋಡೆಲ್ ಎಂಬ ಪರಿಹಾರ ಸೂಚಿಸಿದರು. ಅದು ಸಾಲಿನ ಉದ್ದದ ಬದಲು ತುಣುಕು ಎಷ್ಟು ಹೊತ್ತು ಕಾದಿದೆ ಎಂಬುದನ್ನು ನೋಡಿ, ಕಾಯುವಿಕೆ ಮಿತಿ ಮೀರಿದಾಗ ಕೆಲವನ್ನು ಬಿಟ್ಟುಬಿಡುತ್ತದೆ. ಕಳಿಸುವ ಯಂತ್ರ ಅದರಿಂದ ಸೂಚನೆ ಪಡೆದು ನಿಧಾನಿಸುತ್ತದೆ. ಇಂಥ ಉಪಾಯವಿರುವ ರೂಟರ್ ಇದ್ದರೆ ಅನೇಕ ಮನೆಗಳು ದುಬಾರಿ ಪ್ಲಾನಿಗೆ ಹೋಗಬೇಕಿಲ್ಲ.

ವಠಾರಗಳಲ್ಲಿ ಮತ್ತೊಂದು ಸಂಗತಿ ಸೇರಿಕೊಳ್ಳುತ್ತದೆ. 2.4 ಗಿಗಾಹರ್ಟ್ಸ್ ವೈಫೈನಲ್ಲಿ ಒಂದರ ಮೇಲೊಂದು ಬೀಳದಂತೆ ಬಳಸಬಹುದಾದ ಚಾನೆಲ್‌ಗಳು 1, 6 ಮತ್ತು 11, ಮೂರೇ. ಗೋಡೆಗೆ ಗೋಡೆ ಅಂಟಿದ ಹತ್ತು ಮನೆಗಳಲ್ಲಿ ಹತ್ತು ರೂಟರ್ ಇದ್ದರೆ ಅವು ಸರದಿ ಕಾಯಲೇಬೇಕು. ಹೊರಗಿನ ಫೈಬರ್ ಎಷ್ಟೇ ಚೆನ್ನಾಗಿದ್ದರೂ ಇದು ತಪ್ಪುವುದಿಲ್ಲ. ಹಾಗಾಗಿ ಸಮಿತಿ ಅಳೆಯುವುದಾದರೆ ಒಂದೇ ಮನೆಯಲ್ಲಿ ಎರಡು ಕಡೆ ಅಳೆಯಬೇಕು: ರೂಟರಿಗೆ ತಂತಿ ಜೋಡಿಸಿ ಒಮ್ಮೆ, ಜನ ಕುಳಿತು ಬಳಸುವ ಜಾಗದಲ್ಲಿ ವೈಫೈ ಮೂಲಕ ಮತ್ತೊಮ್ಮೆ. ಎರಡರ ವ್ಯತ್ಯಾಸ ದೋಷ ಕಂಬದಲ್ಲಿದೆಯೋ ಕೋಣೆಯಲ್ಲಿದೆಯೋ ಎಂಬುದನ್ನು ತಿಳಿಸುತ್ತದೆ. ರಾತ್ರಿ ಒಂಬತ್ತರ ಸುಮಾರಿಗೂ ಅಳೆಯಬೇಕು, ನಸುಕಿನಲ್ಲೂ ಅಳೆಯಬೇಕು. ನಗರದ ಸರಾಸರಿಯನ್ನು ಮಾತ್ರ ಪ್ರಕಟಿಸುವುದಾದರೆ ಅಳೆಯುವ ಶ್ರಮವೇ ಬೇಡ, ಏಕೆಂದರೆ ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟುಗಳು ಸರಾಸರಿಯನ್ನು ಎತ್ತಿಹಿಡಿದು ಕೊಳೆಗೇರಿಗಳನ್ನು ಮರೆಮಾಡುತ್ತವೆ.

ಸಂಪರ್ಕವೇ ಇಲ್ಲದವರು ಯಾವ ಸ್ಪೀಡ್ ಟೆಸ್ಟಿನಲ್ಲೂ ಕಾಣಿಸಿಕೊಳ್ಳುವುದಿಲ್ಲ. 2019–20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಇಂಟರ್‌ನೆಟ್ಟನ್ನು ಒಮ್ಮೆಯಾದರೂ ಬಳಸಿದ್ದ ಮಹಿಳೆಯರು ಶೇ 35, ಪುರುಷರು ಶೇ 62. ಮರುವರ್ಷ ಶಾಲೆಗಳು ಮುಚ್ಚಿದಾಗ ಸರ್ಕಾರ ವಿದ್ಯಾಗಮ ಎಂಬ ಹೆಸರಿನಲ್ಲಿ ಶಿಕ್ಷಕರನ್ನೇ ಮಕ್ಕಳಿರುವ ಕಡೆಗೆ ಕಳಿಸಬೇಕಾಯಿತು. ಈಗ ಇ-ಖಾತೆಯಿಂದ ಹಿಡಿದು ಪಡಿತರ ಚೀಟಿಯವರೆಗೆ ಎಲ್ಲವೂ ಆನ್‌ಲೈನ್ ಆಗಿರುವಾಗ, ಮನೆಯಲ್ಲಿರುವ ಒಂದೇ ಮೊಬೈಲನ್ನು ಕೆಲಸಕ್ಕೆ ಹೋಗುವವರು ಒಯ್ದರೆ ಹಗಲಿಡೀ ಆ ಮನೆಗೆ ಸಂಪರ್ಕವಿರುವುದಿಲ್ಲ. ಅಮೆರಿಕದ ಸಿಯಾಟಲ್ ನಗರದಲ್ಲಿ ಮೇಯರ್ ಮತ್ತು ನಗರಸಭೆಗೆ ಸಲಹೆ ನೀಡುವ ಸಮುದಾಯ ತಂತ್ರಜ್ಞಾನ ಮಂಡಳಿಯೊಂದಿದೆ, ಮತ್ತು ಆ ನಗರ ಕೆಲವು ವರ್ಷಗಳಿಗೊಮ್ಮೆ ನಿವಾಸಿಗಳನ್ನೇ ಕೇಳಿ ಇಂಟರ್‌ನೆಟ್ ಬಳಕೆಯ ಸಮೀಕ್ಷೆ ಮಾಡಿಸುತ್ತದೆ. ನಮ್ಮ ವಾರ್ಡ್ ಸಮಿತಿಗಳಿಗೂ ಇದು ಎಟುಕದ ಕೆಲಸವೇನಲ್ಲ. 2025ರ ಸೆಪ್ಟೆಂಬರಿನಲ್ಲಿ ನಗರ ಐದು ಪಾಲಿಕೆಗಳಾಗಿ ವಿಂಗಡವಾದ ಮೇಲೆ ವಾರ್ಡ್‌ಗಳು ಮೊದಲಿಗಿಂತ ಚಿಕ್ಕವೂ ಆಗಿವೆ. 2014ರಲ್ಲಿ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಗಳಲ್ಲಿ ಸದ್ದು ಮಾಡಿದ ‘ನಮ್ಮ ವೈಫೈ’ ಮುಂದೆ ನೆಲೆ ನಿಲ್ಲಲಿಲ್ಲ. ಉಚಿತ ವೈಫೈ ನಿಜಕ್ಕೂ ಬೇಕಾಗಿದ್ದುದು ಬ್ರಿಗೇಡ್ ರಸ್ತೆಗೇನಾ ಎಂದು ಆಗ ಯಾರಾದರೂ ಕೇಳಿದ್ದರೆ ಒಳ್ಳೆಯದಿತ್ತು.

ಇನ್ನು ನೆಲದ ಮಾತು. ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆಗಳನ್ನು ಟೆಂಡರ್‌ಶ್ಯೂರ್ ಯೋಜನೆಯಡಿ ಮರುನಿರ್ಮಿಸಿದಾಗ ಪಾದಚಾರಿ ಮಾರ್ಗದ ಕೆಳಗೆ ನೀರು, ವಿದ್ಯುತ್ತುಗಳ ಜೊತೆಗೆ ಫೈಬರ್ ಕೇಬಲ್‌ಗಳಿಗೂ ಡಕ್ಟ್, ಅಂದರೆ ಕೊಳವೆ, ಇಡಲಾಯಿತು. ಡಕ್ಟ್ ಇದ್ದರೆ ಹೊಸ ಕಂಪನಿ ರಸ್ತೆ ಅಗೆಯದೆ ಎಳೆಯನ್ನು ತೂರಿಸಬಹುದು, ಎಳೆಗೆ ಬಿಗಿ ತಿರುವು ಬೀಳುವುದಿಲ್ಲ, ಕೊಂಬೆ ಬಿದ್ದರೂ ಕೆಂಪು ದೀಪ ಹತ್ತುವುದಿಲ್ಲ. ಸ್ಟಾಕ್‌ಹೋಮ್ ನಗರ 1994ರಲ್ಲಿ ಸ್ಟೋಕಾಬ್ ಎಂಬ ತನ್ನದೇ ಕಂಪನಿ ಕಟ್ಟಿ ಫೈಬರನ್ನು ತಾನೇ ಹಾಸಿತು. ಇಂಟರ್‌ನೆಟ್ ಸೇವೆಯನ್ನು ತಾನು ಮಾರದೆ ಬರಿಯ ಎಳೆಗಳನ್ನು ಬಯಸಿದವರಿಗೆಲ್ಲ ಬಾಡಿಗೆಗೆ ಕೊಟ್ಟಿತು. ಅಷ್ಟು ದೂರ ಹೋಗದಿದ್ದರೂ, ಡಾಂಬರು ಹಾಕುವ ಯಾವುದೇ ರಸ್ತೆಗೆ ಡಕ್ಟ್ ಇಲ್ಲದೆ ಅನುಮೋದನೆ ಕೊಡಬೇಡಿ ಎಂದು ಸಮಿತಿ ಪಾಲಿಕೆಗೆ ಹೇಳಬಹುದು. ಪಾದಚಾರಿ ಮಾರ್ಗವೇ ಇಲ್ಲದ ಕಿರಿದಾದ ಅಡ್ಡರಸ್ತೆಗಳಲ್ಲಿ ಅದು ಕಷ್ಟ. ಅಲ್ಲಿ ಎಲ್ಲ ಕಂಪನಿಗಳಿಗೂ ಸೇರಿ ಒಂದೇ ಕೇಬಲ್, ಒಂದೇ ಎತ್ತರ ಎಂಬ ನಿಯಮವಾದರೂ ಬೇಕು. ಡಕ್ಟಿನ ಬಾಡಿಗೆ ಎಷ್ಟಿರಬೇಕು ಎಂಬುದೇ ಸಮಿತಿಯಲ್ಲಿ ಹೆಚ್ಚು ಜಗಳ ಹುಟ್ಟಿಸುವ ವಿಷಯವಾಗಬಹುದು: 2025ರ ಜನವರಿಯಿಂದ ಜಾರಿಗೆ ಬಂದಿರುವ ಮಾರ್ಗಹಕ್ಕಿನ (ಕೇಬಲ್ ಹಾಯಿಸಲು ನೆಲ ಬಳಸುವ ಹಕ್ಕಿನ) ಕೇಂದ್ರ ನಿಯಮಗಳ ಚೌಕಟ್ಟಿನೊಳಗೇ ಅದನ್ನು ಗೊತ್ತುಮಾಡಬೇಕು, ದೊಡ್ಡ ಕಂಪನಿಗೂ ಬಡಾವಣೆಯ ಕೇಬಲ್ ಆಪರೇಟರಿಗೂ ಒಂದೇ ದರ ಇರಬೇಕು, ಮತ್ತು ಅದು ಕಂಬಕ್ಕೆ ಕಟ್ಟುವ ಖರ್ಚಿಗಿಂತ ತೀರ ಹೆಚ್ಚಾದರೆ ಕೇಬಲ್‌ಗಳು ಮತ್ತೆ ಮರ ಹತ್ತುತ್ತವೆ.