ಮೂವತ್ತು ಸೆಕೆಂಡಿನ ಲೆಕ್ಕ

ಕ್ಯಾಸೆಟ್ ಮಾರಿದವರಿಗೆ ನೀವು ಅದನ್ನು ಎಷ್ಟು ಸಲ ಕೇಳಿದಿರಿ ಅನ್ನೋದು ಗೊತ್ತಾಗುತ್ತಿರಲಿಲ್ಲ. ಬೇಕಾಗಿಯೂ ಇರಲಿಲ್ಲ. ದುಡ್ಡು ಕೈಗೆ ಬಂದರೆ ಅಲ್ಲಿಗೆ ವ್ಯಾಪಾರ ಮುಗಿಯಿತು. ಈಗ ಹಾಗಲ್ಲ. ಇಂಟರ್ನೆಟ್‌ನಲ್ಲಿ ಹಾಡು ಕೇಳಿಸುವ ಸ್ಪಾಟಿಫೈನಲ್ಲಿ ಒಂದು ಹಾಡು ಕನಿಷ್ಠ 30 ಸೆಕೆಂಡ್ ಓಡಿದರೆ ಮಾತ್ರ ಲೆಕ್ಕಕ್ಕೆ ಸೇರುತ್ತದೆ. ಅದಕ್ಕೂ ಮೊದಲೇ ಮುಂದಿನ ಹಾಡಿಗೆ ಹೋದರೆ ಹಾಡಿದವರಿಗೆ ಏನೂ ಸಿಗುವುದಿಲ್ಲ. ಮುಂದೆ ನಾವು ಏನು ಕೇಳುತ್ತೇವೆ ಅನ್ನೋದನ್ನು ಯಾವ ಹೊಸ ಯಂತ್ರಕ್ಕಿಂತಲೂ ಈ ಲೆಕ್ಕವೇ ಜಾಸ್ತಿ ತೀರ್ಮಾನಿಸುತ್ತದೆ ಅಂತ ನನಗನ್ನಿಸುತ್ತದೆ.

ಹಾಡು ತಂತಿಯಲ್ಲಿ ಹರಿಯಲು ದಾರಿ ಮಾಡಿಕೊಟ್ಟಿದ್ದು ನಮ್ಮ ಕಿವಿಯ ಒಂದು ಕೊರತೆ. 1982ರಲ್ಲಿ ಬಂದ ಸಿ.ಡಿ.ಯಲ್ಲಿ ಸದ್ದನ್ನು ಸೆಕೆಂಡಿಗೆ 44,100 ಸಲ ಅಳೆದು ಅಂಕಿಗಳಾಗಿ ಬರೆಯುತ್ತಾರೆ. ಅಷ್ಟೂ ಅಂಕಿಗಳನ್ನು ಆರಂಭದ ದಿನಗಳ ಇಂಟರ್ನೆಟ್‌ನಲ್ಲಿ ಕಳಿಸುವುದು ಆಗದ ಮಾತು. ಆದರೆ ಜೋರಾದ ಸದ್ದಿನ ಜೊತೆ, ಹೆಚ್ಚುಕಡಿಮೆ ಅದೇ ಸ್ವರದ ಮೆಲ್ಲನೆ ಸದ್ದು ಬಂದರೆ ಅದು ನಮಗೆ ಕೇಳಿಸುವುದೇ ಇಲ್ಲ. ಕೇಳಿಸದ್ದನ್ನು ಯಾಕೆ ಕಳಿಸಬೇಕು? ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯವರೂ ಜೊತೆಗಾರರೂ ಹೀಗೆ ಯೋಚಿಸಿ ರೂಪಿಸಿದ ಎಂಪಿ3, ಹಾಡನ್ನು ಸುಮಾರು ಹನ್ನೊಂದರಲ್ಲಿ ಒಂದು ಪಾಲಿಗೆ ಇಳಿಸಿತು. 1999ರಲ್ಲಿ ನ್ಯಾಪ್‌ಸ್ಟರ್ ಅನ್ನೋ ತಂತ್ರಾಂಶ ಬಂದು ಎಲ್ಲರೂ ಪುಕ್ಕಟೆ ಹಂಚಿಕೊಳ್ಳತೊಡಗಿದರು. 2003ರಲ್ಲಿ ಆಪಲ್ ಒಂದೊಂದೇ ಹಾಡನ್ನು 99 ಸೆಂಟಿಗೆ ಮಾರಿತು. ಈಗ ಕೊಳ್ಳುವವರೇ ಕಡಿಮೆ, ತಿಂಗಳ ಬಾಡಿಗೆ ಕಟ್ಟುವವರೇ ಜಾಸ್ತಿ.

ಆ ಬಾಡಿಗೆ ನೀವು ಕೇಳಿದವರಿಗೇ ಹೋಗುತ್ತದೆ ಅಂದುಕೊಂಡಿದ್ದೀರಾ? ಹೆಚ್ಚಿನ ಕಡೆ ಹೋಗುವುದಿಲ್ಲ. ಎಲ್ಲರ ಹಣ ಒಂದೇ ರಾಶಿಗೆ ಬೀಳುತ್ತದೆ. ಕಂಪನಿ ತನ್ನ ಪಾಲು ತೆಗೆದುಕೊಂಡ ಮೇಲೆ, ಒಟ್ಟು ಲೆಕ್ಕದಲ್ಲಿ ಯಾರ ಹಾಡು ಎಷ್ಟು ಓಡಿತೋ ಅಷ್ಟು ಪಾಲು ಅವರಿಗೆ. ನೀವು ತಿಂಗಳಿಡೀ ಒಬ್ಬರೇ ಗಾಯಕಿಯನ್ನು ಕೇಳಿದರೂ ನಿಮ್ಮ ದುಡ್ಡಿನ ಬಹುಪಾಲು ನೀವು ಹೆಸರೂ ಕೇಳದವರಿಗೆ ಹೋಗಬಹುದು.

ಎಣಿಸಿ ಹಂಚುವ ಕಡೆ ಕಳ್ಳ ಎಣಿಕೆಯೂ ಇರುತ್ತದೆ, ಅಲ್ವಾ? 2024ರಲ್ಲಿ ಅಮೆರಿಕದ ಸರ್ಕಾರಿ ವಕೀಲರು ಒಬ್ಬನ ಮೇಲೆ ಹೂಡಿದ ಮೊಕದ್ದಮೆ ಇಂಥದ್ದೇ. ಕೃತಕ ಬುದ್ಧಿಮತ್ತೆಯಿಂದ ಲಕ್ಷಗಟ್ಟಲೆ ಹಾಡು ಮಾಡಿಸಿ, ಅವನ್ನು ಕೇಳಲು ಬಾಟ್‌ಗಳನ್ನು, ಅಂದರೆ ಕೇಳುಗರಂತೆ ನಟಿಸುವ ತಂತ್ರಾಂಶಗಳನ್ನು, ಕೂರಿಸಿ, 1 ಕೋಟಿ ಡಾಲರ್‌ಗೂ ಜಾಸ್ತಿ ರಾಯಧನ ಪಡೆದ ಅನ್ನೋದು ಆಗಿನ ಆರೋಪ. ಯಂತ್ರ ಹಾಡಿತು, ಯಂತ್ರ ಕೇಳಿತು. ಹಣ ಮಾತ್ರ ಮನುಷ್ಯರದ್ದು! ಹಾಡು ಮಾಡುವುದು ಸುಲಭವಾದಷ್ಟೂ ಇಂಥವು ಹೆಚ್ಚುತ್ತವೆ. ಕೇಳಿದ್ದು ಮನುಷ್ಯನೇ ಎಂದು ಖಚಿತ ಮಾಡಿಕೊಳ್ಳುವುದು ಕಂಪನಿಗಳ ದೊಡ್ಡ ಕೆಲಸವಾಗಲಿದೆ.

ಇತ್ತ ಹಳೆಯ ಗ್ರಾಮಫೋನ್ ತಟ್ಟೆಗಳೂ ಮರಳಿವೆ. 2020ರಲ್ಲಿ ಅಮೆರಿಕದಲ್ಲಿ ಅವುಗಳ ವರಮಾನ ಸಿ.ಡಿ.ಯನ್ನು ಮೀರಿತು. ಹೀಗಾಗಿದ್ದು 1980ರ ದಶಕದ ನಂತರ ಅದೇ ಮೊದಲು. ಇದನ್ನು ಸುಮ್ನೆ ಹಳೆಯ ನೆನಪಿನ ಹುಚ್ಚು ಅನ್ನಲಾರೆ. ಮೆಚ್ಚಿದವರಿಗೆ ನೇರವಾಗಿ ದುಡ್ಡು ಕೊಟ್ಟೆ ಅನ್ನೋ ಸಮಾಧಾನವೂ ಅದರಲ್ಲಿದೆ.

ಅದೇ ಸಮಾಧಾನ ಸ್ಟ್ರೀಮಿಂಗ್‌ನಲ್ಲೂ, ಅಂದರೆ ಇಂಟರ್ನೆಟ್‌ನಲ್ಲಿ ಬಾಡಿಗೆಗೆ ಕೇಳುವ ಹಾಡಿನಲ್ಲೂ, ಸಿಗುವಂತೆ ಮಾಡಬಹುದು. ಸೌಂಡ್‌ಕ್ಲೌಡ್ ಅನ್ನೋ ಕಂಪನಿ 2021ರಲ್ಲಿ, ಸ್ವತಂತ್ರವಾಗಿ ಹಾಡುವವರಿಗೆ, ಅವರ ಕೇಳುಗರು ಕಟ್ಟಿದ ಹಣದಿಂದಲೇ ಪಾಲು ಕೊಡುವ ಪದ್ಧತಿ ಶುರುಮಾಡಿತು. ಬಾಟ್ ಹಗಲೂ ರಾತ್ರಿ ಕೇಳಿದರೂ ಅದು ಕಟ್ಟಿದಷ್ಟೇ ಅಲ್ಲಿ ಹಂಚಿಕೆ. ಇಂಥ ಮೋಸಕ್ಕೆ ಲಾಭ ಉಳಿಯುವುದು ಕಷ್ಟ.