ಕಂಪನಿ ದುಡ್ಡು ಕೊಟ್ಟ ಪ್ರಯೋಗವನ್ನು ನಂಬಬಹುದೇ?

ಪ್ರಶ್ನೆ: ಮುಧೋಳದ ಗೊಬ್ಬರದ ಅಂಗಡಿಯಲ್ಲಿ ಕಬ್ಬಿಗೆ ಸಿಂಪಡಿಸಲು ಒಂದು ಜೈವಿಕ ಪ್ರಚೋದಕ (ಬೆಳೆಯ ಬೆಳವಣಿಗೆಗೆ ಉತ್ತೇಜನ ಕೊಡುವ ಔಷಧ) ಕೊಡುತ್ತಿದ್ದಾರೆ. ‘ವಿಶ್ವವಿದ್ಯಾಲಯದಲ್ಲಿ ಪರೀಕ್ಷೆಯಾಗಿದೆ’ ಎಂದು ಚೀಟಿಯಲ್ಲಿದೆ. ಪರೀಕ್ಷೆಯ ಖರ್ಚು ಕಂಪನಿಯದೇ ಅಂತೆ. ನಂಬಬಹುದಾ?

ಉತ್ತರ: ಖರ್ಚು ಕಂಪನಿಯದು ಎಂಬ ಒಂದೇ ಕಾರಣಕ್ಕೆ ತಳ್ಳಿಹಾಕಬೇಡಿ. ಕೃಷಿ ವಿಶ್ವವಿದ್ಯಾಲಯಗಳು ಶುಲ್ಕ ಕಟ್ಟಿಸಿಕೊಂಡು ಇಂಥ ಪ್ರಯೋಗ ಮಾಡಿಕೊಡುತ್ತವೆ. ಖಾಸಗಿ ಸರಕಿನ ಪರೀಕ್ಷೆಗೆ ಸರ್ಕಾರದ ದುಡ್ಡು ಯಾಕೆ ಹೋಗಬೇಕು? ಆದರೆ ಒಂದು ಅಂಕಿಯನ್ನೂ ತಿದ್ದದೆ ಫಲಿತಾಂಶವನ್ನು ವಾಲಿಸಬಹುದು.

ಚೀಟಿ ಬದಿಗಿಟ್ಟು ಪೂರ್ತಿ ವರದಿ ಕೇಳಿ. ಮೊದಲು ನೋಡಬೇಕಾದದ್ದು, ಔಷಧ ಹೊಡೆದ ತಾಕನ್ನು ಯಾವುದಕ್ಕೆ ಹೋಲಿಸಿದ್ದಾರೆ ಎಂಬುದು. ಗೊಬ್ಬರವನ್ನೇ ಹಾಕದ ತಾಕಿನ ಮುಂದೆ ಯಾವ ಸರಕಾದರೂ ಗೆಲ್ಲುತ್ತದೆ. ಎರಡೂ ಕಡೆ ಶಿಫಾರಸಿನಷ್ಟೇ ಗೊಬ್ಬರ ಹಾಕಿ, ಒಂದು ಕಡೆ ಔಷಧ, ಇನ್ನೊಂದು ಕಡೆ ಬರೀ ನೀರು ಸಿಂಪಡಿಸಿದ್ದರೆ ಆ ಹೋಲಿಕೆಗೆ ಬೆಲೆ ಉಂಟು.

ಆಮೇಲೆ ಇಳುವರಿ ಕೋಷ್ಟಕದ ಕೆಳಗಿನ ಸಾಲು. ಅಲ್ಲಿ ‘ಸಿ.ಡಿ.’ (ಕ್ರಿಟಿಕಲ್ ಡಿಫರೆನ್ಸ್) ಎಂಬ ಅಂಕಿ ಇರುತ್ತದೆ; ಇಳುವರಿಯ ವ್ಯತ್ಯಾಸ ಅದನ್ನು ದಾಟಿದರಷ್ಟೇ ಔಷಧದ ಪರಿಣಾಮ ಎನ್ನಬಹುದು. ಉದಾಹರಣೆಗೆ ಔಷಧವಿಲ್ಲದೆ ಎಕರೆಗೆ 50 ಟನ್, ಔಷಧ ಹೊಡೆದಲ್ಲಿ 53, ಸಿ.ಡಿ. 4 ಎಂದಿಟ್ಟುಕೊಳ್ಳಿ. ವ್ಯತ್ಯಾಸ ಮೂರೇ ಟನ್, ಸಿ.ಡಿ.ಗಿಂತ ಕಡಿಮೆ, ಅದು ಮಣ್ಣು, ನೀರಿನ ಏರುಪೇರಿನಿಂದಲೂ ಬಂದಿರಬಹುದು. ‘ಎನ್.ಎಸ್.’ (ನಾನ್ ಸಿಗ್ನಿಫಿಕೆಂಟ್) ಎಂದು ಬರೆದಿದ್ದರೂ ಅರ್ಥ ಅದೇ. ಚೀಟಿಯಲ್ಲಿ ಮಾತ್ರ ‘ಶೇ 6 ಹೆಚ್ಚು ಇಳುವರಿ’ ಎಂದು ದಪ್ಪಕ್ಷರದಲ್ಲಿ ಬರುತ್ತದೆ! ಪ್ರಯೋಗ ಎಷ್ಟು ಹಂಗಾಮು, ಎಷ್ಟು ಕಡೆ ನಡೆಯಿತು, ನಾಟಿ ಕಬ್ಬಿನಲ್ಲೋ ಕಟಾವಿನ ಬುಡದಿಂದ ಮತ್ತೆ ಚಿಗುರಿದ ಕುಳೆಯಲ್ಲೋ, ಇವನ್ನೂ ಗಮನಿಸಿ.

ವರದಿಯಲ್ಲಿ ಸಿಗದ ಸಂಗತಿ ಇನ್ನೊಂದಿದೆ. ಫಲಿತಾಂಶ ಕೆಟ್ಟರೂ ಪ್ರಕಟಿಸುವ ಹಕ್ಕು ಯಾರದು? ಒಪ್ಪಂದದಲ್ಲಿ ಅದು ಕಂಪನಿಗಿದ್ದರೆ, ಸೋತ ಪ್ರಯೋಗ ಕಪಾಟಿನಲ್ಲೇ ಉಳಿಯುತ್ತದೆ. ನಿಮ್ಮ ಕೈಗೆ ಬರುವುದು ಗೆದ್ದದ್ದು ಮಾತ್ರ.

ನಮ್ಮದು ಸಕ್ಕರೆ ಸೀಮೆ, ಸಕ್ಕರೆಯದೇ ಉದಾಹರಣೆ ಕೇಳಿ. 1960ರ ದಶಕದಲ್ಲಿ ಅಮೆರಿಕದ ಸಕ್ಕರೆ ಉದ್ಯಮದ ಪ್ರತಿಷ್ಠಾನ ಹಾರ್ವರ್ಡ್ ಸಂಶೋಧಕರಿಗೆ 6,500 ಡಾಲರ್ ಕೊಟ್ಟಿತು. 1967ರಲ್ಲಿ ಬಂದ ಅವರ ವಿಮರ್ಶೆ ಹೃದ್ರೋಗದ ಹೊಣೆಯನ್ನು ಕೊಬ್ಬಿನ ಮೇಲೆ ಹೊರಿಸಿ, ಸಕ್ಕರೆಯ ವಿರುದ್ಧದ ಪುರಾವೆಗಳನ್ನು ಹಗುರ ಮಾಡಿತು. ಹಣ ಕೊಟ್ಟವರ ಹೆಸರು ಅದರಲ್ಲಿರಲಿಲ್ಲ. ಹಳೆಯ ಪತ್ರಗಳಿಂದ ಈ ವ್ಯವಹಾರ ಬಯಲಾದದ್ದು 2016ರಲ್ಲಿ.

ಜೈವಿಕ ಪ್ರಚೋದಕಗಳು 2021ರಿಂದ ರಸಗೊಬ್ಬರ ನಿಯಂತ್ರಣ ಆದೇಶದಡಿ ಬಂದಿವೆ; ಆ ಅನುಮತಿ ಇದೆಯೇ ಎಂದು ಅಂಗಡಿಯವರನ್ನು ಕೇಳಿ. ವರದಿ ಕೈಗೆ ಬಂದರೆ ಸಂಕೇಶ್ವರದ ಕೃಷಿ ಸಂಶೋಧನಾ ಕೇಂದ್ರದಲ್ಲೋ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲೋ ತೋರಿಸಿ. ಬರದಿದ್ದರೆ ಮೊದಲ ವರ್ಷ ಐದು ಗುಂಟೆಗಷ್ಟೇ ಹೊಡೆಯಿರಿ. ಪಕ್ಕದ ಐದು ಗುಂಟೆಗೆ ಅದೇ ದಿನ ನೀರು ಸಿಂಪಡಿಸಿ, ಕಟಾವಿನಲ್ಲಿ ಎರಡನ್ನೂ ಬೇರೆ ಬೇರೆ ತೂಗಿಸಿ.